ನೆರೆಯ ನಂತರದ ಕೇರಳ: ನಮ್ಮ ಉದ್ಯಮಕ್ಕೂ ಒಂದು ಪಾಠ

2019ರ ಆಗಸ್ಟ್ ತಿಂಗಳಲ್ಲಿ ಇಡುಕ್ಕಿ ಜಿಲ್ಲೆಯ ಪುಟ್ಟಡಿ ಹರಾಜು ಕೇಂದ್ರದಲ್ಲಿ ಏಲಕ್ಕಿ ಬೆಲೆ ಕಿಲೋಗೆ 7,000 ರೂಪಾಯಿ ಮುಟ್ಟಿತು. ಅಲ್ಲಿಯವರೆಗೆ ಯಾರೂ ಕಾಣದ ಬೆಲೆ ಅದು. ಕೇಸರಿಬಾತು, ಪಾಯಸ, ಮಸಾಲೆ ಚಹಾ ಮಾಡುವ ನಮ್ಮ ಹೋಟೆಲು ಮಾಲಕರಲ್ಲಿ ಅನೇಕರು ಆ ವರ್ಷ ದಿನಸಿ ಬಿಲ್ಲು ನೋಡಿ ತಲೆ ಕೆರೆದುಕೊಂಡದ್ದುಂಟು. ಹಿಂದಿನ ವರ್ಷದ ನೆರೆಗೆ ಏಲಕ್ಕಿ ಗಿಡಗಳು ಕೊಳೆತು ಹೋಗಿದ್ದವು. ಅದರ ಬೆನ್ನಿಗೇ ಬೇಸಿಗೆ ಮಳೆಯೂ ಕೈಕೊಟ್ಟಿತು. ಇಡುಕ್ಕಿಯ ಗುಡ್ಡ ಕುಸಿದರೆ ಮಾಟುಂಗಾದ ಗಲ್ಲಾಕ್ಕೂ ಬಿಸಿ ತಟ್ಟುತ್ತದೆ. ಹಾಗಾಗಿ ಕೇರಳ ಸರಕಾರ ನೆರೆಯ ನಂತರ ಏನು ಮಾಡಿತು ಎಂಬುದು ನಮಗೂ ತಿಳಿದಿರಬೇಕಾದ ವಿಷಯ.

ಆದ ನಷ್ಟ ಎಷ್ಟು?

2018ರ ಜೂನ್ 1ರಿಂದ ಆಗಸ್ಟ್ 19ರ ವರೆಗೆ ಕೇರಳದಲ್ಲಿ ವಾಡಿಕೆಗಿಂತ ಶೇ. 42ರಷ್ಟು ಹೆಚ್ಚು ಮಳೆ ಬಿತ್ತು. 400ಕ್ಕೂ ಮಿಕ್ಕಿ ಜನ ಸತ್ತರು. ಸುಮಾರು 14 ಲಕ್ಷ ಮಂದಿ ಮನೆ ಬಿಟ್ಟು ಹೋಗಬೇಕಾಯಿತು. ವಿಶ್ವಸಂಸ್ಥೆಯ ತಂಡ ಮತ್ತು ರಾಜ್ಯ ಸರಕಾರ ಜೊತೆಯಾಗಿ ಲೆಕ್ಕ ಹಾಕಿದಾಗ ಹಾನಿ ಮತ್ತು ನಷ್ಟ ಸೇರಿ ಸುಮಾರು 26,700 ಕೋಟಿ ರೂಪಾಯಿ ಆಯಿತು. ಪುನರ್ನಿರ್ಮಾಣಕ್ಕೆ ಬೇಕಾದದ್ದು ಸುಮಾರು 31,000 ಕೋಟಿ. ಅದೇ ಆಗಸ್ಟ್‌ನಲ್ಲಿ ನಮ್ಮ ಕೊಡಗು ಕೂಡ ಗುಡ್ಡ ಕುಸಿತದಿಂದ ನಲುಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಯೋಜನೆಯ ನಾಲ್ಕು ಕಂಬಗಳು

ಬಿದ್ದ ರಸ್ತೆ, ಸೇತುವೆಗಳನ್ನು ಇದ್ದ ಹಾಗೆಯೇ ಕಟ್ಟಿದರೆ ಮುಂದಿನ ನೆರೆಗೆ ಮತ್ತೆ ಬೀಳುತ್ತವೆ. ಆದ್ದರಿಂದ 'ರೀಬಿಲ್ಡ್ ಕೇರಳ' ಹೆಸರಿನಲ್ಲಿ 'ನವಕೇರಳ' ಕಟ್ಟುವುದು ಎಂದು ಸರಕಾರ ಹೊರಟಿತು. ನಷ್ಟದ ವರದಿ ಅದಕ್ಕೆ ನಾಲ್ಕು ಆಧಾರಗಳನ್ನು ಹೇಳಿತು: ನೀರಿನ ಸಮಗ್ರ ನಿರ್ವಹಣೆ, ಅಪಾಯ ನೋಡಿ ಭೂಮಿಯ ಬಳಕೆ, ಬಡವರನ್ನು ಬಿಡದ ಜನಕೇಂದ್ರಿತ ಕೆಲಸ, ಹೊಸ ತಂತ್ರಜ್ಞಾನ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಕುಟ್ಟನಾಡಿನಲ್ಲಿ ನೆದರ್ಲೆಂಡ್ಸ್ ಮಾದರಿಯಂತೆ ನದಿಗೆ ಹರಿಯಲು ಜಾಗ ಬಿಡುವ ವಿಚಾರವೂ ಬಂತು.

ಇನ್ನು ದುಡ್ಡು. 2019ರ ಜೂನ್‌ನಲ್ಲಿ ವಿಶ್ವಬ್ಯಾಂಕಿನಿಂದ 25 ಕೋಟಿ ಡಾಲರ್ ಸಾಲಕ್ಕೆ ಸಹಿ ಬಿತ್ತು. ಜಿ.ಎಸ್.ಟಿ. ಮೇಲೆ ಶೇ. 1ರ ನೆರೆ ಸೆಸ್ 2019ರ ಆಗಸ್ಟ್ 1ರಿಂದ 2021ರ ಜುಲೈ 31ರ ವರೆಗೆ ಇತ್ತು. ಅಲ್ಲಿನ ಹೋಟೆಲು ಬಿಲ್ಲಿನಲ್ಲೂ ಅದು ಕಾಣುತ್ತಿತ್ತು. ನೆರೆಯಲ್ಲಿ ಫ್ರಿಜ್, ಗ್ರೈಂಡರ್ ಕಳಕೊಂಡ ಹೋಟೆಲಿನವನೇ ಗಿರಾಕಿಯಿಂದ ಸೆಸ್ ವಸೂಲು ಮಾಡಿ ಸರಕಾರಕ್ಕೆ ಕಟ್ಟಬೇಕಾಯಿತು!

ಮಹಿಳಾ ಸಂಘಗಳ ಬಲ

ಯೋಜನೆಯಲ್ಲಿ ಮೆಚ್ಚತಕ್ಕ ಸಂಗತಿ ಕುಡುಂಬಶ್ರೀ. ನೆರೆಗೆ ಸಿಕ್ಕಿದ ಮನೆಗಳಿಗೆ ಈ ಮಹಿಳಾ ಸಂಘಗಳ ಮೂಲಕ 1 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಸಿಕ್ಕಿತು. ಸಾಲ ಕೊಟ್ಟದ್ದು ಬ್ಯಾಂಕು, ಬಡ್ಡಿ ಕಟ್ಟಿದ್ದು ಸರಕಾರ. ಯಾರ ಮನೆಯಲ್ಲಿ ಏನು ಹೋಗಿದೆ ಎಂದು ನೆರೆಹೊರೆಯ ಸಂಘಕ್ಕೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ.

ಕೊರೋನಾ ಬಂದ 2020ರಲ್ಲಿ ಇದೇ ಸಂಘಗಳು 'ಜನಕೀಯ ಹೋಟೆಲ್' ತೆರೆದು 20 ರೂಪಾಯಿಗೆ ಊಟ ಹಾಕಿದವು. ಊಟವೊಂದಕ್ಕೆ 10 ರೂಪಾಯಿ ಸರಕಾರದ ಸಹಾಯಧನ. 2023ರ ಆಗಸ್ಟ್‌ನಲ್ಲಿ ಅದು ನಿಂತಿತು, ಊಟ 30 ರೂಪಾಯಿ ಆಯಿತು. ಸಹಾಯಧನದ ಬಾಕಿಗಾಗಿ ಹೆಂಗಸರು ಕಾಯಬೇಕಾಯಿತು. ಉದ್ದರಿ ಊಟ ಹಾಕಿ ಬಿಲ್ಲು ಪಾಸಾಗುವುದನ್ನು ಕಾದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೋತದ್ದೆಲ್ಲಿ?

ರಸ್ತೆ, ಮನೆಗಳ ಕೆಲಸ ನಡೆಯಿತು. ಆದರೆ ಭೂಮಿಯ ಬಳಕೆಯ ವಿಷಯದಲ್ಲಿ ಕಾಗದಕ್ಕೂ ನೆಲಕ್ಕೂ ಅಂತರ ಉಳಿಯಿತು. 2019ರ ಆಗಸ್ಟ್‌ನಲ್ಲಿ ಕವಳಪ್ಪಾರ ಮತ್ತು ವಯನಾಡಿನ ಪುದುಮಲದಲ್ಲಿ ಗುಡ್ಡ ಜರಿಯಿತು. 2024ರ ಜುಲೈ 30ರಂದು ಅದೇ ಪುದುಮಲದ ಹತ್ತಿರದ ಮುಂಡಕ್ಕೈ, ಚೂರಲ್ಮಲ ಊರುಗಳು ಕೊಚ್ಚಿಹೋಗಿ 250ಕ್ಕೂ ಹೆಚ್ಚು ಜನ ಸತ್ತರು. ಅವರಿಗಾಗಿ ಕಲ್ಪೆಟ್ಟದಲ್ಲಿ ಹೊಸ ಬಡಾವಣೆಗೆ 2025ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಕರ್ನಾಟಕ ಸರಕಾರವೂ 100 ಮನೆಗಳ ನೆರವು ಘೋಷಿಸಿತ್ತು. ಘಟ್ಟದ ಬಗ್ಗೆ 2011ರಲ್ಲೇ ಮಾಧವ ಗಾಡ್ಗೀಳ್ ಸಮಿತಿ ಎಚ್ಚರಿಸಿತ್ತು. ಆ ವರದಿಯನ್ನು ಕೇರಳವೂ ಒಪ್ಪಲಿಲ್ಲ, ಕರ್ನಾಟಕವೂ ಒಪ್ಪಲಿಲ್ಲ.

ನಾವೇನು ಮಾಡಬೇಕು?

ನೆರೆ ಕೇರಳಕ್ಕೆ ಮಾತ್ರ ಬರುವುದಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. 2015ರಲ್ಲಿ ಚೆನ್ನೈ, 2020ರಲ್ಲಿ ಹೈದರಾಬಾದ್ ಮುಳುಗಿದವು. ಸರಕಾರದ ಯೋಜನೆ ಬಂದರೂ ಅದು ಮೊದಲು ಮನೆ, ರಸ್ತೆ, ಕೃಷಿಯತ್ತ ನೋಡುತ್ತದೆ. ಬಾಡಿಗೆ ಜಾಗದಲ್ಲಿರುವ ಹೋಟೆಲಿನವನ ಸರದಿ ಬರುವುದು ಕಡೆಗೆ. ಆದುದರಿಂದ ನಮ್ಮ ಎಚ್ಚರ ನಮ್ಮಲ್ಲಿರಲಿ:

* ವಿಮಾ ಪಾಲಿಸಿಯಲ್ಲಿ ಬೆಂಕಿಯ ಜೊತೆಗೆ ಬಿರುಗಾಳಿ, ನೆರೆಯೂ ಸೇರಿದೆಯೇ ಎಂದು ಓದಿ ನೋಡಿ. ಕಂತು ಉಳಿಸಲು ಅದನ್ನು ಬಿಟ್ಟಿರಬಹುದು. ಕಟ್ಟಡ ಮಾತ್ರವಲ್ಲ, ದಾಸ್ತಾನು ಮತ್ತು ಯಂತ್ರಗಳೂ ಒಳಗೊಂಡಿರಲಿ.
* ಅಕ್ಕಿ, ಬೇಳೆ ಮೂಟೆಗಳನ್ನು ನೆಲದ ಮೇಲಿಡದೆ ಎತ್ತರದ ಅಟ್ಟಳಿಗೆಯಲ್ಲಿಡಿ. ಸ್ವಿಚ್‌ಬೋರ್ಡು ಮೇಲಿರಲಿ.
* ಲೈಸನ್ಸು, ಬಾಡಿಗೆ ಕರಾರು, ಯಂತ್ರಗಳ ಬಿಲ್ಲು ಇವುಗಳ ಪ್ರತಿಗಳು ಹೋಟೆಲಿನ ಹೊರಗೆ ಒಂದು ಕಡೆ ಇರಲಿ. ಕ್ಲೇಮಿಗೆ ಇವೇ ಆಧಾರ.
* ಏಲಕ್ಕಿ, ಮೆಣಸು, ತೆಂಗಿನಕಾಯಿಗೆ ಒಬ್ಬನೇ ವ್ಯಾಪಾರಿಯನ್ನು, ಒಂದೇ ಊರನ್ನು ನಂಬಿ ಕೂರಬೇಡಿ.

ಕೊನೆಯದಾಗಿ ಸಂಘದ ಮುಂದೆ ಒಂದು ಸಲಹೆ. ಊರು ಬಿಟ್ಟು ಬಂದ ನಮ್ಮ ಹಿರಿಯರು ಒಬ್ಬರಿಗೊಬ್ಬರು ಕೈಗಡ ಕೊಟ್ಟೇ ಹೋಟೆಲು ಎಬ್ಬಿಸಿದವರು. ಪ್ರತಿ ಸದಸ್ಯರೂ ತಿಂಗಳಿಗೆ ಸಣ್ಣ ಮೊತ್ತ ಹಾಕಿ ಒಂದು ಆಪತ್ ನಿಧಿ ಮಾಡಿಕೊಂಡರೆ, ನೀರು ಇಳಿದ ಮರುದಿನವೇ ಒಲೆ ಹಚ್ಚಲು ಬಡ್ಡಿಯಿಲ್ಲದ ಸಾಲ ಕೊಡಬಹುದು. ಕೆಲಸಗಾರರ ಸಂಬಳವೂ ನಿಲ್ಲುವುದಿಲ್ಲ. ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಸದಸ್ಯ ಬಂಧುಗಳು ಚರ್ಚಿಸುವಂತಾಗಲಿ.