ಕ್ಯಾಮೆರಾದ ಕೊರಳಲ್ಲಿ ಗಣಿತ

ಹಳೇ ಹುಬ್ಬಳ್ಳಿಯ ಮನೆಗಳಲ್ಲಿ ಟ್ರಂಕು ಬಿಚ್ಚಿದರೆ ಹಳೆಯ ಕ್ಯಾಮೆರಾವೊಂದು ಕೈಗೆ ಸಿಗುವುದು ಅಪರೂಪವೇನಲ್ಲ. ರೈಲ್ವೆ ವರ್ಕ್‌ಶಾಪಿನ ಪಗಾರದಲ್ಲಿ ಉಳಿಸಿ ಅಜ್ಜನೋ ಕಾಕಾನೋ ಕೊಂಡದ್ದು. ಚರ್ಮದ ಚೀಲಕ್ಕೆ ಬೂಸ್ಟು ಹಿಡಿದಿದ್ದರೂ ಒಳಗಿನ ಯಂತ್ರ ಮಾತ್ರ ಒತ್ತಿದರೆ ಇನ್ನೂ ‘ಟಪ್’ ಎನ್ನುತ್ತದೆ. ಮೊಬೈಲಿನಲ್ಲೇ ಫೋಟೋ ಕಂಡ ಮಕ್ಕಳಿಗೆ ಅದರಲ್ಲೊಂದು ರೋಲು ಹಾಕಿ ನೋಡುವ ಆಸೆ ಹುಟ್ಟುವುದು ಸಹಜ. ಕೊಡಾಕ್, ಇಲ್ಫೋರ್ಡ್ ರೋಲುಗಳು ಇಂದಿಗೂ ಸಿಗುತ್ತವೆ. ಆದರೆ ಬೆಲೆ ದುಬಾರಿ, ಇರುವುದು 36 ಚಿತ್ರ. ತೆಗೆದದ್ದು ಹೇಗೆ ಬಂದಿದೆ ಎಂಬುದು ರೋಲು ತೊಳೆಯುವ ತನಕ ಗೊತ್ತಾಗದು.

ಅಣ್ಣನ ಮದುವೆಯ ಫೋಟೋ ತೆಗೆದು, ರೋಲನ್ನು ಸ್ಟುಡಿಯೋಕ್ಕೆ ಕೊಟ್ಟು ಎರಡು ದಿನ ಬಿಟ್ಟು ಹೋದ ಹುಡುಗನಿಗೆ “ತಮ್ಮಾ, ಇದರಾಗ ಏನೂ ಬಂದಿಲ್ಲೋ” ಎಂಬ ಮಾತು ಕೇಳಬೇಕಾಗಿ ಬರುತ್ತಿದ್ದ ಕಾಲವೊಂದಿತ್ತು. ಮದುವೆಯನ್ನಂತೂ ಮತ್ತೆ ಮಾಡಲಾಗದು! ಇಂಥಲ್ಲಿ ತಪ್ಪು ಹೆಚ್ಚಾಗಿ ಯಂತ್ರದ್ದಲ್ಲ. ಕ್ಯಾಮೆರಾದ ಕೊರಳಿನ ಸುತ್ತ ಕೆತ್ತಿರುವ ಅಂಕೆಗಳನ್ನು ಓದಲು ಬಾರದಿರುವುದೇ ಮೂಲ. ಅವನ್ನು ಓದಲು ಎಂಟನೆಯ ತರಗತಿಯ ಗಣಿತ ಸಾಕು.

ನಳದ ನೀರಿಗೆ ಕಾದು ಕೊಡ ತುಂಬಿಸುವುದು ಹುಬ್ಬಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ನಳ ಎಷ್ಟು ತಿರುಗಿಸಿದೆ, ಎಷ್ಟು ಹೊತ್ತು ಬಿಟ್ಟಿದೆ, ಕೊಡ ಎಷ್ಟು ದೊಡ್ಡದು—ಮೂರೇ ಲೆಕ್ಕ. ಫಿಲ್ಮಿನ ಮೇಲೆ ಬೆಳಕು ಬೀಳುವುದೂ ಹೀಗೆಯೇ. ನಳದ ಬಾಯಿ ಎಂದರೆ ಅಪರ್ಚರ್, ಬಿಟ್ಟ ಹೊತ್ತು ಎಂದರೆ ಶಟರ್ ವೇಗ, ಕೊಡವೇ ಫಿಲ್ಮು. ಕೊಡ ಅರ್ಧಕ್ಕೆ ನಿಂತರೆ ಚಿತ್ರ ಕಪ್ಪಾಗುತ್ತದೆ, ತುಂಬಿ ಚೆಲ್ಲಿದರೆ ಬಿಳಿಚಿಕೊಳ್ಳುತ್ತದೆ.

ಮಕ್ಕಳು ಎಡವುವುದು ಅಪರ್ಚರ್‌ನಲ್ಲಿ. ಲೆನ್ಸಿನ ರಿಂಗಿನ ಮೇಲೆ 2, 2.8, 4, 5.6, 8, 11, 16 ಎಂದು ಬರೆದಿರುತ್ತದೆ. 16 ದೊಡ್ಡ ಅಂಕೆ, ಆದ್ದರಿಂದ ರಂಧ್ರವೂ ದೊಡ್ಡದು ಎಂದುಕೊಂಡರೆ ಕೆಟ್ಟಿತು. ಅದು ಭಿನ್ನರಾಶಿ. ಎಫ್ ಎಂದರೆ ಫೋಕಲ್ ಲೆಂತ್, ಶಾಲೆಯ ಪುಸ್ತಕದ ‘ಸಂಗಮ ದೂರ’. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್/2 ಎಂದರೆ 50ನ್ನು 2ರಿಂದ ಭಾಗಿಸಿದಾಗ ಬರುವ 25 ಮಿಲಿಮೀಟರ್. ಬೆಳಕು ಹೊಗುವ ರಂಧ್ರದ ವ್ಯಾಸ ಅದು. ಎಫ್/16ಕ್ಕೆ ತಿರುಗಿಸಿದರೆ ಅದೇ ಬಾಗಿಲು ಸುಮಾರು 3 ಮಿಲಿಮೀಟರಿಗೆ ಕುಗ್ಗುತ್ತದೆ.

ಸರಿ, 2ರ ನಂತರ 3 ಬಾರದೆ 2.8 ಏಕೆ ಬಂತು? ಒಳಬರುವ ಬೆಳಕು ನಿಂತಿರುವುದು ರಂಧ್ರದ ವ್ಯಾಸದ ಮೇಲಲ್ಲ, ವಿಸ್ತೀರ್ಣದ ಮೇಲೆ. ವಿಸ್ತೀರ್ಣ ಅರ್ಧವಾಗಬೇಕಾದರೆ ವ್ಯಾಸವನ್ನು 2ರ ವರ್ಗಮೂಲದಿಂದ, ಅಂದರೆ 1.414ರಿಂದ ಭಾಗಿಸಬೇಕು. 2ನ್ನು 1.4ರಿಂದ ಗುಣಿಸಿದರೆ 2.8, ಅದನ್ನು ಮತ್ತೆ ಗುಣಿಸಿದರೆ 4. ಹೀಗೆ ರಿಂಗಿನ ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧರ್ಧವಾಗುತ್ತ ಹೋಗುತ್ತದೆ. ವರ್ಗಮೂಲ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಹುಡುಗರಿಗೆ ಇದನ್ನು ತೋರಿಸಬಹುದು.

ಶಟರ್ ಲೆಕ್ಕ ಇದಕ್ಕಿಂತ ಸರಳ. 60, 125, 250, 500 ಎಂಬ ಅಂಕೆಗಳೂ ಭಿನ್ನರಾಶಿಗಳೇ: ಸೆಕೆಂಡಿನ 60ನೇ ಒಂದು ಭಾಗ, 125ನೇ ಒಂದು ಭಾಗ, ಹೀಗೆ. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ-1000 ಕ್ಯಾಮೆರಾದ ಹೆಸರಿನಲ್ಲಿರುವ 1000 ಅದರ ಅತಿ ವೇಗದ ಶಟರ್. ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಯನ್ನು ನೆನೆಯಿರಿ. ತೇರು ನಿಧಾನವಾಗಿಯೇ ಸಾಗುತ್ತದೆ, ಅದರತ್ತ ಜನ ಎಸೆಯುವ ಉತ್ತತ್ತಿ, ಬಾಳೆಹಣ್ಣು ಹಾಗಲ್ಲ. ಹಣ್ಣು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುತ್ತದೆ ಎಂದಿಟ್ಟುಕೊಂಡರೆ, 60ರ ಶಟರ್ ತೆರೆದು ಮುಚ್ಚುವುದರೊಳಗೆ ಅದು 16 ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ. ಚಿತ್ರದಲ್ಲಿ ಕಾಣುವುದು ಬರೀ ಗೀಟು. 500ಕ್ಕೆ ಇಟ್ಟರೆ ಸರಿಯುವುದು 2 ಸೆಂಟಿಮೀಟರ್ ಮಾತ್ರ. ಇನ್ನು ಕೈಯಲ್ಲಿ ಹಿಡಿದು ತೆಗೆಯುವಾಗ 50 ಮಿಲಿಮೀಟರ್ ಲೆನ್ಸಿಗೆ 60ಕ್ಕಿಂತ ನಿಧಾನ ಇಟ್ಟರೆ, ಅಲುಗುವುದು ಹಣ್ಣಲ್ಲ, ಕೈ.

ಮೂರನೆಯದು ಫಿಲ್ಮಿನ ವೇಗ. ಡಬ್ಬಿಯ ಮೇಲೆ ಐ.ಎಸ್.ಓ. 100, 200, 400 ಎಂದಿರುತ್ತದೆ. 400ರ ಫಿಲ್ಮು ಚಿಕ್ಕ ಕೊಡ, ಬೇಗ ತುಂಬುತ್ತದೆ. ಡಬ್ಬಿಯಲ್ಲಿ 100/21° ಎಂದು ಕಂಡರೆ ಉಷ್ಣತೆ ಎಂದು ತಿಳಿಯಬೇಡಿ. ಅದು ಹಳೆಯ ಜರ್ಮನ್ ಅಳತೆ. ಅಲ್ಲಿ 3 ಕೂಡಿದರೆ ವೇಗ ಇಮ್ಮಡಿ: 24 ಎಂದರೆ 200, 27 ಎಂದರೆ 400. ಫಿಲ್ಮಿನ ಮೇಲಿರುವುದು ಬೆಳ್ಳಿಯ ಲವಣದ ಹರಳುಗಳು. ಹರಳು ದೊಡ್ಡದಾದಷ್ಟೂ ಬೆಳಕನ್ನು ಬೇಗ ಹಿಡಿಯುತ್ತದೆ, ಹಾಗೆಯೇ ಚಿತ್ರ ರವೆಯಂತೆ ಒರಟಾಗುತ್ತದೆ. ಬೆಳಕು ತಾಗದೆ ಉಳಿದ ಹರಳುಗಳನ್ನು ಕರಗಿಸುವ ‘ಹೈಪೊ’, ಪ್ರಯೋಗಶಾಲೆಯ ಸೋಡಿಯಂ ಥಯೋಸಲ್ಫೇಟ್. ಆ ಗುಣವನ್ನು 1819ರಲ್ಲೇ ಕಂಡುಕೊಂಡವನು ಖಗೋಳಜ್ಞ ಜಾನ್ ಹರ್ಷೆಲ್. ‘ನೆಗೆಟಿವ್’, ‘ಪಾಸಿಟಿವ್’ ಎಂಬ ಮಾತುಗಳನ್ನು ಫೋಟೋಗಳಿಗೆ ಅಂಟಿಸಿದವನೂ ಅವನೇ.

ಈ ಭಾಗಕ್ಕೆ ಕ್ಯಾಮೆರಾ ಬಹಳ ಬೇಗ ಬಂತು. 1855ರಲ್ಲಿ ತೋಪುಪಡೆಯ ಅಧಿಕಾರಿ ಥಾಮಸ್ ಬಿಗ್ಸ್ ಮುಂಬಯಿ ಸರ್ಕಾರದ ಛಾಯಾಗ್ರಾಹಕನಾಗಿ ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ತಿರುಗಿದ. ಅವನ ನಂತರ ಡಾ. ಪಿಗೂ ಆ ಕೆಲಸ ಮುಂದುವರಿಸಿದ. ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕದಲ್ಲಿವೆ. ಬಿಗ್ಸ್ ಬಳಸಿದ್ದು ಬೆಳ್ಳಿಯ ಲವಣ ಹೀರಿಸಿದ ಕಾಗದ. ಅದು ಎಷ್ಟು ಮಂದವೆಂದರೆ ಲೆನ್ಸಿನ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕಿತ್ತು. ಗುಡಿ ಅಲುಗದು, ದಾರಿಹೋಕ ನಿಲ್ಲನು. ಅಂದಿನ ಇಂಥ ಎಷ್ಟೋ ಚಿತ್ರಗಳಲ್ಲಿ ಊರೇ ಖಾಲಿಯಾದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಮೀಟರ್ ಇಲ್ಲದ ಕ್ಯಾಮೆರಾಕ್ಕೆ ಹಿರಿಯರ ಸೂತ್ರವೊಂದಿದೆ. ನಿಚ್ಚಳ ಬಿಸಿಲಿದ್ದರೆ ಅಪರ್ಚರ್ ಎಫ್/16, ಶಟರ್ ಫಿಲ್ಮಿನ ಅಂಕೆಗೆ ಹತ್ತಿರದ್ದು. 100ರ ಫಿಲ್ಮಿಗೆ 125. ಅದರ ಬದಲು ಎಫ್/11ರಲ್ಲಿ 250, ಎಫ್/8ರಲ್ಲಿ 500 ಇಟ್ಟರೂ ಬೆಳಕು ಅಷ್ಟೇ. ತೇರಿನ ಸಂಜೆ ಬೆಳಕು ಐದು ಮೆಟ್ಟಿಲು ಇಳಿದಿದೆ ಎನ್ನಿ. ಆಗ 100ರ ಫಿಲ್ಮಿಗೆ ಎಫ್/2.8ರಲ್ಲಿ 125 ಬರುತ್ತದೆ. 400ರ ಫಿಲ್ಮು ಹಾಕಿದ್ದರೆ ಎರಡು ಮೆಟ್ಟಿಲು ಉಳಿತಾಯ: ಅದೇ ಎಫ್/2.8ರಲ್ಲಿ 500. ಹಣ್ಣು ಗಾಳಿಯಲ್ಲೇ ನಿಂತಿತು!

ಆದರೆ ದೊಡ್ಡ ಬಾಯಿ ತೆರೆದುದಕ್ಕೆ ದಂಡ ತೆರಬೇಕು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯಲ್ಲಿ ಎದುರಿನ ಕಂಬಕ್ಕೆ ಫೋಕಸ್ ಮಾಡಿ ಎಫ್/2ರಲ್ಲಿ ತೆಗೆದರೆ ಹಿಂದಿನ ಕಂಬಗಳು ಮಂಜಾಗುತ್ತವೆ. ಎಫ್/16ರಲ್ಲಿ ಅವೂ ಸ್ಪಷ್ಟ. ಎಷ್ಟು ಹಿಂದೆ-ಮುಂದೆ ಸ್ಪಷ್ಟವಾಗಿ ಬರುತ್ತದೆ ಎಂಬುದೇ ಡೆಪ್ತ್ ಆಫ್ ಫೀಲ್ಡ್. ದೂರದೃಷ್ಟಿ ಮಂದವಾದ ಅಜ್ಜ ಚಾಳೀಸು ಮರೆತು ಬಂದಾಗ ಕಣ್ಣು ಕಿರಿದು ಮಾಡಿ ಬಸ್ಸಿನ ಬೋರ್ಡು ಓದುತ್ತಾರಲ್ಲ, ತತ್ತ್ವ ಅದೇ. ಗುಡಿಯೊಳಗಿನ ಮಬ್ಬಿನಲ್ಲಿ ಎಫ್/16 ಬೇಕೆಂದರೆ ಶಟರ್ ಸೆಕೆಂಡುಗಟ್ಟಲೆ ತೆರೆದಿರಬೇಕು, ಕ್ಯಾಮೆರಾ ಮುಕ್ಕಾಲಿಯ ಮೇಲೆ ಕೂರಬೇಕು. ಮೊಬೈಲಿನಲ್ಲಿ ‘ಪ್ರೊ’ ಎಂದಿರುವಲ್ಲಿ ಶಟರ್, ಐ.ಎಸ್.ಓ. ಎರಡೂ ಸಿಗುತ್ತವೆ, ಅಪರ್ಚರ್ ಮಾತ್ರ ಸಾಮಾನ್ಯವಾಗಿ ಬದಲಿಸಲಾಗದು. ಆ ಪಾಠಕ್ಕೆ ಟ್ರಂಕಿನ ಕ್ಯಾಮೆರಾವೇ ಬೇಕು.

ರೋಲು ಕೊಳ್ಳುವ ಮೊದಲು ಖಾಲಿ ಕ್ಯಾಮೆರಾದಲ್ಲೇ ಇದನ್ನೆಲ್ಲ ನೋಡಬಹುದು. ಹಿಂಬಾಗಿಲು ತೆರೆದು ಕಿಟಕಿಯ ಕಡೆ ಹಿಡಿಯಿರಿ, ಸೂರ್ಯನತ್ತ ಬೇಡ. ಶಟರನ್ನು ‘ಬಿ’ಗೆ ಇಟ್ಟು ಒತ್ತಿ ಹಿಡಿದರೆ ಅದು ತೆರೆದೇ ಇರುತ್ತದೆ. ಎಫ್/2ರಲ್ಲೊಮ್ಮೆ, ಎಫ್/16ರಲ್ಲೊಮ್ಮೆ ಒತ್ತಿ ನೋಡಿದರೆ ರಂಧ್ರದ ಅಳತೆ ಕಣ್ಣಿಗೇ ಕಾಣುತ್ತದೆ. ಆದರೆ ಬಾಗಿಲು ತೆರೆಯುವ ಮುಂಚೆ ರೋಲು ಹಿಂದಕ್ಕೆ ಸುತ್ತುವ ಹಿಡಿಕೆಯನ್ನು ಬಾಣದ ಗುರುತಿನ ಕಡೆ ಮೆಲ್ಲಗೆ ತಿರುಗಿಸಿ. ಸಡಿಲವಾಗಿ ತಿರುಗಿದರೆ ಕ್ಯಾಮೆರಾ ಖಾಲಿ. ಬಿಗಿಯಾಗಿ ಎಳೆದರೆ ನಿಲ್ಲಿಸಿಬಿಡಿ. ಅಜ್ಜ ಹಾಕಿದ ರೋಲು ಇನ್ನೂ ಒಳಗೇ ಇದೆ.