ಸಹಿಗಿಂತ ಹಿಂಬರಹ ದೊಡ್ಡದು

2019ರ ಮಾರ್ಚ್‌ನಲ್ಲಿ ಬ್ರಿಟನ್ ಸಂಸತ್ತಿನ ಅರ್ಜಿ ಜಾಲತಾಣಕ್ಕೆ ಜನ ಎಷ್ಟು ಮುಗಿಬಿದ್ದರೆಂದರೆ, ತಾಣವೇ ಆಗಾಗ ಕೈಕೊಟ್ಟಿತು. ಐರೋಪ್ಯ ಒಕ್ಕೂಟವನ್ನು ತೊರೆಯುವ ತೀರ್ಮಾನವನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಿದ ಆ ಅರ್ಜಿಗೆ ಬಿದ್ದ ಸಹಿಗಳು 61 ಲಕ್ಷ. ಸರ್ಕಾರ ಆಗದೆಂದು ಉತ್ತರ ಕೊಟ್ಟಿತು. ಏಪ್ರಿಲ್ 1ರಂದು ಸಂಸದರು ಚರ್ಚೆ ನಡೆಸಿದರು, ತೀರ್ಮಾನ ಮಾತ್ರ ಕದಲಲಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು ಇದೇ ತಾಣದಲ್ಲಿ, ಮೆದುಳಿನ ಗಡ್ಡೆಯಿಂದ ಮನೆಯ ಮಗನನ್ನು ಕಳೆದುಕೊಂಡ ಕುಟುಂಬವೊಂದು ಆ ಕಾಯಿಲೆಯ ಸಂಶೋಧನೆಗೆ ಹೆಚ್ಚು ಹಣ ಕೊಡಿ ಎಂದು ಅರ್ಜಿ ಹಾಕಿತ್ತು. ಅದಕ್ಕೆ ಬಂದ ಸಹಿ ಸುಮಾರು 1.2 ಲಕ್ಷ, ಅಂದರೆ ಮೊದಲಿನದರ ಐವತ್ತರಲ್ಲಿ ಒಂದು ಪಾಲು. ಆದರೂ ಸರ್ಕಾರವನ್ನು ಮೊದಲ ನಿಲುವಿನಿಂದ ಸರಿಸಿದ್ದು ಈ ಚಿಕ್ಕ ಅರ್ಜಿ. ಹಾಗಾದರೆ ಸಂಸತ್ತಿನ ಆನ್‌ಲೈನ್ ಅರ್ಜಿ ವ್ಯವಸ್ಥೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವ ಕೋಲು ಯಾವುದು? ನಮ್ಮ ಕಚೇರಿಗಳಲ್ಲಿ ಅರ್ಜಿದಾರರಿಗೆ ಬರವಣಿಗೆಯಲ್ಲಿ ಕೊಡುವ ಉತ್ತರವನ್ನು ಹಿಂಬರಹ ಎನ್ನುತ್ತಾರೆ. ಅಳತೆ ಇರುವುದು ಆ ಹಿಂಬರಹದಲ್ಲಿ ಎಂಬುದು ನನ್ನ ವಾದ.

ಬ್ರಿಟನ್ನಿನ ಈಗಿನ ವ್ಯವಸ್ಥೆ ಆರಂಭವಾದದ್ದು 2015ರಲ್ಲಿ. ಅಲ್ಲಿನ ಪ್ರಜೆ ಅಥವಾ ನಿವಾಸಿ ಯಾರಾದರೂ ಅರ್ಜಿ ಬರೆಯಬಹುದು. ಐವರು ಬೆಂಬಲಿಸಿ, ಬರಹ ನಿಯಮಕ್ಕೆ ಹೊಂದಿದರೆ ಅದು ಆರು ತಿಂಗಳು ಸಹಿಗೆ ತೆರೆದಿರುತ್ತದೆ. 10,000 ಸಹಿ ದಾಟಿದರೆ ಸರ್ಕಾರ ಲಿಖಿತ ಉತ್ತರ ಕೊಡಬೇಕು. 1 ಲಕ್ಷ ದಾಟಿದರೆ ಅರ್ಜಿಯನ್ನು ಚರ್ಚೆಗೆ ಪರಿಗಣಿಸುತ್ತಾರೆ. ಇದನ್ನೆಲ್ಲ ನೋಡಿಕೊಳ್ಳುವುದು ಹೌಸ್ ಆಫ್ ಕಾಮನ್ಸ್‌ನ 11 ಸದಸ್ಯರ ಅರ್ಜಿ ಸಮಿತಿ. ಚರ್ಚೆಯ ಕೊನೆಗೆ ಮತದಾನದಿಂದ ಕಾನೂನು ಬದಲಾಗುವುದಿಲ್ಲ, ಆದರೆ ಸಚಿವರೊಬ್ಬರು ಎದ್ದುನಿಂತು ಉತ್ತರ ಹೇಳಲೇಬೇಕು. 2006ರಲ್ಲಿ ಪ್ರಧಾನಿ ಕಚೇರಿ ತೆರೆದಿದ್ದ ಹಳೆಯ ತಾಣದಲ್ಲಿ ಇಂಥ ಏರ್ಪಾಡು ಇರಲಿಲ್ಲ. 2007ರಲ್ಲಿ ರಸ್ತೆ ಬಳಕೆಗೆ ಶುಲ್ಕ ಹಾಕುವ ಯೋಜನೆಯನ್ನು ವಿರೋಧಿಸಿ ಸುಮಾರು 18 ಲಕ್ಷ ಜನ ಅಲ್ಲಿ ಸಹಿ ಮಾಡಿದಾಗ ಪ್ರಧಾನಿ ಟೋನಿ ಬ್ಲೇರ್ ಇಮೇಲ್ ಮೂಲಕ ಉತ್ತರಿಸಿದರು. ಆ ಉತ್ತರ ಸರಿಯೇ ಎಂದು ಮರುಪ್ರಶ್ನೆ ಕೇಳುವ ಸಮಿತಿ ನಡುವೆ ಇರಲಿಲ್ಲ.

ಸಹಿಯ ಲೆಕ್ಕವನ್ನೇ ಯಶಸ್ಸೆಂದು ಹಿಡಿದರೆ ಇಂಥ ಯಾವ ವ್ಯವಸ್ಥೆಯೂ ಸೋತಂತೆಯೇ. 2011ರ ನಂತರದ ಬ್ರಿಟಿಷ್ ಅರ್ಜಿಗಳನ್ನು ಪರಿಶೀಲಿಸಿದ ಆಕ್ಸ್‌ಫರ್ಡ್ ಸಂಶೋಧಕರ ಪ್ರಕಾರ 10,000 ಸಹಿ ಮುಟ್ಟಿದ್ದು ನೂರರಲ್ಲಿ ಒಂದಕ್ಕಿಂತ ಹೆಚ್ಚಿಲ್ಲ, 1 ಲಕ್ಷ ಮುಟ್ಟಿದ್ದು ಸಾವಿರದಲ್ಲಿ ಒಂದರಷ್ಟು. ಮೊದಲ ದಿನಗಳಲ್ಲೇ ಕಾವೇರದ ಅರ್ಜಿ ಆಮೇಲೆ ಮೇಲೇಳುವುದು ಅಪರೂಪ. ಇನ್ನು ಕಾನೂನು ಬದಲಾಯಿತೇ ಎಂಬುದೊಂದನ್ನೇ ಯಶಸ್ಸೆಂದರೆ ಉಳಿಯುವುದು ಬೆರಳೆಣಿಕೆಯಷ್ಟು. ಈ ಎರಡೂ ಕೋಲುಗಳು ಅರ್ಜಿಯ ಸ್ವಭಾವವನ್ನೇ ತಪ್ಪಾಗಿ ತಿಳಿಯುತ್ತವೆ. ಅರ್ಜಿ ಆಜ್ಞೆಯಲ್ಲ, ಕೇಳಿಕೆ. ಕೇಳಿದ್ದನ್ನೆಲ್ಲ ಕೊಡಬೇಕೆಂದಿಲ್ಲ. ಆದರೆ ಕೇಳಿದವರ ಮಾತನ್ನು ಕಿವಿಗೆ ಹಾಕಿಕೊಂಡು, ಕಾರಣ ಸಹಿತ, ಎಲ್ಲರೆದುರು ಉತ್ತರಿಸುವುದು ಆಳುವವರ ಹೊಣೆ.

ಮೆದುಳಿನ ಗಡ್ಡೆಯ ಅರ್ಜಿ ಇದನ್ನು ತೋರಿಸಿಕೊಡುತ್ತದೆ. ಸರ್ಕಾರದ ಮೊದಲ ಉತ್ತರ ಇದ್ದ ನೀತಿಯನ್ನೇ ಸಮರ್ಥಿಸಿತ್ತು. ಹೊಸದಾಗಿ ರಚನೆಯಾಗಿದ್ದ ಸಮಿತಿ ಅಷ್ಟಕ್ಕೆ ವಿಲೇವಾರಿ ಎಂದು ಕಡತ ಮುಚ್ಚಲಿಲ್ಲ. ರೋಗಿಗಳು, ಕುಟುಂಬಗಳು, ವಿಜ್ಞಾನಿಗಳ ಹೇಳಿಕೆ ಪಡೆದು 2016ರ ಮಾರ್ಚ್‌ನಲ್ಲಿ ತನ್ನ ಮೊದಲ ವರದಿ ಕೊಟ್ಟಿತು. ಚರ್ಚೆಯಾಯಿತು, ಸರ್ಕಾರ ಕಾರ್ಯತಂಡ ರಚಿಸಿತು. ಅದೇ ಕಾಯಿಲೆಗೆ ತುತ್ತಾಗಿದ್ದ ಮಾಜಿ ಸಚಿವೆ ಟೆಸ್ಸಾ ಜೋವೆಲ್ 2018ರ ಜನವರಿಯಲ್ಲಿ ಮೇಲ್ಮನೆಯಲ್ಲಿ ಮಾತನಾಡಿದರು. ಆ ವರ್ಷ ಘೋಷಣೆಯಾದ 2 ಕೋಟಿ ಪೌಂಡ್, ಅವರ ಮರಣದ ನಂತರ 4 ಕೋಟಿಗೆ ಏರಿತು. ಯಶಸ್ಸನ್ನೆಲ್ಲ ಅರ್ಜಿಯೊಂದರ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಆ ಹಣ ಸಂಶೋಧಕರ ಕೈಸೇರಲು ತಡವಾಗುತ್ತಿದೆ ಎಂದು 2023ರಲ್ಲಿ ಸಂಸದರ ಗುಂಪೇ ಆಕ್ಷೇಪಿಸಿತು. ಆದರೂ ಒಂದು ಮನೆಯ ದುಃಖ ದೇಶದ ಬಜೆಟ್ಟಿನ ಪ್ರಶ್ನೆಯಾದದ್ದು ಮಧ್ಯೆ ನಿಂತು ವಿಚಾರಿಸುವವರು ಇದ್ದುದರಿಂದ.

ಬೆರಳೊತ್ತಿ ಸಹಿ ಮಾಡುವುದು ಸುಲಭ, ನಕಲಿ ಸಹಿ ಇನ್ನೂ ಸುಲಭ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯವೂ ಇದೆ. 2016ರಲ್ಲಿ ಐರೋಪ್ಯ ಒಕ್ಕೂಟವನ್ನು ತೊರೆಯುವ ಬಗ್ಗೆ ಎರಡನೆಯ ಜನಮತಗಣನೆ ಕೇಳಿದ ಅರ್ಜಿಯಿಂದ ಸುಮಾರು 77,000 ನಕಲಿ ಸಹಿಗಳನ್ನು ಕಿತ್ತುಹಾಕಬೇಕಾಯಿತು. ಆದರೆ ಈ ಚಾಳಿ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. 1848ರಲ್ಲಿ ಮತದಾನದ ಹಕ್ಕು ಕೇಳಿದ ಚಾರ್ಟಿಸ್ಟರ ಕಾಗದದ ಅರ್ಜಿಯಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನ ಸಹಿಯೂ ಇತ್ತು. ಸಂಸತ್ತು ಆ ಸುಳ್ಳು ಸಹಿಗಳನ್ನು ಎತ್ತಿ ಆಡಿತು, ಬೇಡಿಕೆಯನ್ನು ಬದಿಗಿಟ್ಟಿತು. ಮುಂದೆ ಆ ಚಳವಳಿಯ ಆರು ಬೇಡಿಕೆಗಳಲ್ಲಿ ಐದು ಕಾನೂನಾದವು. ಸಹಿಯ ದೋಷವನ್ನೇ ನೆಪ ಮಾಡಿಕೊಂಡರೆ ಅಹವಾಲಿನ ಹುರುಳು ಕಣ್ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇಂಟರ್ನೆಟ್ಟು, ಸಂಘಟನೆ, ಪ್ರಚಾರದ ಬಲ ಇದ್ದವರ ದನಿಯೇ ಇಲ್ಲಿ ಜೋರು. ಇದು ನಿಜ. ಆದ್ದರಿಂದಲೇ ಸಂಖ್ಯೆ ಯಂತ್ರದಂತೆ ಬಾಗಿಲು ತೆರೆಯಕೂಡದು, ಮುಚ್ಚಲೂಕೂಡದು. ಸಹಿ ಕಡಿಮೆಯಿದ್ದರೂ ಮಹತ್ವದ ಅರ್ಜಿಯನ್ನು ಚರ್ಚೆಗೆ ತರುವ, ಹಾರಿಕೆಯ ಉತ್ತರವನ್ನು ಸರ್ಕಾರಕ್ಕೇ ಹಿಂದಿರುಗಿಸುವ ಅವಕಾಶ ಬ್ರಿಟನ್ನಿನ ಸಮಿತಿಗಿದೆ. ಆ ವ್ಯವಸ್ಥೆಯ ಜೀವಾಳ ಇದೇ.

ನಮ್ಮ ಸಂಸತ್ತಿಗೂ ಈ ಮಾತು ಹೊರಗಿನದಲ್ಲ. ಲೋಕಸಭೆಯಲ್ಲಿ 15 ಸದಸ್ಯರ ಅರ್ಜಿ ಸಮಿತಿಯಿದೆ, ರಾಜ್ಯಸಭೆಯಲ್ಲೂ ಒಂದಿದೆ. ನಿವೃತ್ತ ಯೋಧರ ‘ಒಂದು ಶ್ರೇಣಿ, ಒಂದು ಪಿಂಚಣಿ’ ಬೇಡಿಕೆಯನ್ನು ಭಗತ್ ಸಿಂಗ್ ಕೋಶಿಯಾರಿ ನೇತೃತ್ವದ ರಾಜ್ಯಸಭೆಯ ಸಮಿತಿ ಅರ್ಜಿಯ ಮೇಲೆಯೇ ವಿಚಾರಿಸಿ, 2011ರಲ್ಲಿ ಅದರ ಪರವಾಗಿ ವರದಿ ಕೊಟ್ಟಿತು. 2015ರಲ್ಲಿ ಸರ್ಕಾರ ಯೋಜನೆ ಘೋಷಿಸಿತು. ಅದಕ್ಕೆ ಲಕ್ಷಾಂತರ ಕ್ಲಿಕ್ಕುಗಳು ಬೇಕಾಗಲಿಲ್ಲ, ಕೂತು ಕೇಳುವ ಸಮಿತಿ ಬೇಕಾಯಿತು. ಆದರೆ ಸದನದಲ್ಲಿ ಅರ್ಜಿ ಮಂಡನೆಯಾಗಲು ಸಂಸದರೊಬ್ಬರ ಸಹಿ ಬೇಕು. ಇಂಥದೊಂದು ದಾರಿ ಇದೆಯೆಂಬುದೇ ಬಹುಪಾಲು ಜನರಿಗೆ ಗೊತ್ತಿಲ್ಲ. ಆನ್‌ಲೈನ್ ಬಾಗಿಲು ಆ ದಾರಿಯನ್ನು ಅಗಲ ಮಾಡಬಲ್ಲದು. ಅದನ್ನು ತೆರೆಯುವ ದಿನ ಮೊದಲು ಬರೆಯಬೇಕಾದ ನಿಯಮ ಎಷ್ಟು ಸಹಿ ಬೇಕೆಂಬುದಲ್ಲ. ಹಿಂಬರಹ ಎಷ್ಟು ದಿನದಲ್ಲಿ ಬರಬೇಕು, ಅದು ಅರೆಬರೆಯಾಗಿದ್ದರೆ ಹಿಂದಿರುಗಿಸುವವರು ಯಾರು ಎಂಬುದು.