ಕಪಾಟು ಕಟಕ್ ಎಂದರೆ ಏನು ನೋಡಬೇಕು

ಮಂಗಳೂರಿನಲ್ಲಿ ನಂತೂರಿನ ಹೊಸ ಫ್ಲ್ಯಾಟುಗಳಿರಲಿ, ಬಿಕರ್ನಕಟ್ಟೆ ಕಡೆಯ ಹಳೆಯ ಕೆಂಪುಕಲ್ಲಿನ ಮನೆಗಳಿರಲಿ, ಹೊಸದಾಗಿ ಅಡುಗೆಮನೆ ಮಾಡಿಸಿದವರಿಗೆ ಮೊದಲ ವರ್ಷ ಎರಡು ಚಿಂತೆ ಹತ್ತಿಕೊಳ್ಳುತ್ತವೆ. ಕಪಾಟಿಗೂ ಗೋಡೆಗೂ ನಡುವೆ ಸಣ್ಣ ಬಿರುಕು ಒಂದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳುವ ‘ಕಟಕ್’ ಸದ್ದು ಇನ್ನೊಂದು. ಹೆಚ್ಚಿನ ಸಲ ಇವುಗಳಿಂದ ಏನೂ ಕೆಡುವುದಿಲ್ಲ, ಕೆಲವು ಸಲ ಮಾತ್ರ ಒಂದು ದಿನವೂ ತಡಮಾಡಬಾರದು. ಯಾವುದು ಯಾವುದೆಂದು ತಿಳಿಯಲು ಬಿರುಕು ಎಷ್ಟು ಅಗಲ ಎಂದು ನೋಡಿದರೆ ಸಾಲದು, ಅದು ಹೇಗೆ ವರ್ತಿಸುತ್ತದೆ ಎಂದು ನೋಡಬೇಕು. ಮಳೆಗಾಲಕ್ಕೆ ಮುಚ್ಚಿ ಚಳಿಗಾಲಕ್ಕೆ ತೆರೆಯುವ ಸಂದಿ ಋತುವಿನದು. ಯಾವ ಋತುವಿಗೂ ಹಿಂದಕ್ಕೆ ಹೋಗದೆ ಬೆಳೆಯುತ್ತಲೇ ಇರುವ ಸಂದಿ ದೋಷದ್ದು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಜುಲೈಯಲ್ಲಿ ಗಾಳಿಯ ತೇವಾಂಶ ಶೇ 90ರ ಆಸುಪಾಸು ಇದ್ದರೆ ಜನವರಿಯ ಮಧ್ಯಾಹ್ನ ಶೇ 60ಕ್ಕೂ ಕೆಳಗೆ ಇಳಿಯುವುದುಂಟು. ಮರ ಎಷ್ಟೇ ಹಳೆಯದಾಗಿರಲಿ, ಸುತ್ತಲಿನ ಗಾಳಿಯಿಂದ ನೀರು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಶೇ 90 ತೇವಾಂಶದ ಗಾಳಿಯಲ್ಲಿ ಬಹುಕಾಲ ಇದ್ದ ಮರದಲ್ಲಿ ತೂಕದ ಶೇ 20ರಷ್ಟು ನೀರಿರುತ್ತದೆ, ಶೇ 60ರ ಗಾಳಿಯಲ್ಲಿ ಶೇ 11ರಷ್ಟು. ಉದ್ದಕ್ಕೆ ಮರ ಹಿಗ್ಗುವುದು ನಗಣ್ಯ, ಹಿಗ್ಗುವುದೆಲ್ಲ ಅಡ್ಡಕ್ಕೆ. ಒಂದೂಕಾಲು ಅಡಿ ಅಗಲದ ತೇಗದ ಬಾಗಿಲು ಮಳೆಗಾಲಕ್ಕೂ ಜನವರಿಗೂ ನಡುವೆ ಎರಡು ಮೂರು ಮಿ.ಮೀ. ವ್ಯತ್ಯಾಸ ತೋರಿಸಿದರೆ ಅಚ್ಚರಿಪಡಬೇಕಾಗಿಲ್ಲ.

ನಮ್ಮ ಅಡುಗೆಯೂ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಕುಚ್ಚಲಕ್ಕಿ ಬೇಯಲು ಬೆಳ್ತಿಗೆ ಅಕ್ಕಿಗಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಕಡುಬು, ಪತ್ರೊಡೆ, ಮೂಡೆ ಎಲ್ಲವೂ ಹಬೆಯಲ್ಲೇ ಬೇಯುವಂಥವು. ಆ ಹಬೆ ಏರಿ ಒಲೆಯ ಪಕ್ಕದ ಮೇಲಿನ ಕಪಾಟುಗಳ ತಳಕ್ಕೆ ತಾಗುತ್ತದೆ. ಸನ್‌ಮೈಕಾ ಮೊದಲು ಎದ್ದು ಬರುವುದು ಅಲ್ಲೇ. ಮಳೆಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಬೇಯಿಸುವವರು ಚಿಮಣಿಯನ್ನು ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಓಡಿಸಬೇಕು.

ಪ್ಲೈವುಡ್ ಇಷ್ಟು ಹಿಗ್ಗುವುದಿಲ್ಲ. ಅದರಲ್ಲಿ ಮರದ ಪದರಗಳನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸಿರುವುದರಿಂದ ಒಂದು ಪದರದ ಓಟವನ್ನು ಇನ್ನೊಂದು ತಡೆಯುತ್ತದೆ. ಐಎಸ್ 710 ಗುರುತಿನ ಮೆರೀನ್ ಪ್ಲೈವುಡ್ ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಪದರ ಬಿಡಬಾರದು ಎಂಬುದು ಪರೀಕ್ಷೆ. ಕರಾವಳಿಯಲ್ಲಿ ಕನಿಷ್ಠ ಸಿಂಕಿನ ಕೆಳಗಿನ ಕಪಾಟಿಗಾದರೂ ಇದನ್ನೇ ಹಾಕಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಊದಿಕೊಂಡರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಅದರ ಬಿರುಕು ಋತುವಿನದಲ್ಲ, ಹಲಗೆಯನ್ನೇ ಬದಲಿಸಬೇಕು.

ಇನ್ನು ಸದ್ದು. ಎರಡು ಹಲಗೆಗಳು ಬಿಗಿಯಾಗಿ ಒತ್ತಿಕೊಂಡಿರುವ ಕಡೆ, ಒಂದು ಹಿಗ್ಗಿದರೂ ಕುಗ್ಗಿದರೂ ಕೂಡಲೇ ಜರುಗಲಾರದು. ಘರ್ಷಣೆ ಅದನ್ನು ಹಿಡಿದಿಟ್ಟಿರುತ್ತದೆ. ಒತ್ತಡ ಕೂಡುತ್ತಾ ಹೋಗಿ ಒಂದು ಗಳಿಗೆಯಲ್ಲಿ ಕೈಬಿಟ್ಟಾಗ ಕೂದಲೆಳೆಯಷ್ಟು ಜಾರುತ್ತದೆ, ಕಟಕ್ ಎನ್ನುತ್ತದೆ. ಒಲೆ ಆರಿ ಮನೆ ತಣಿಯುವ ರಾತ್ರಿಯಲ್ಲಿ ಇದು ಹೆಚ್ಚು. ಎಲ್ಲ ಸದ್ದೂ ಕಪಾಟಿನದ್ದಲ್ಲ. ನಲ್ಲಿ ಥಟ್ಟನೆ ಮುಚ್ಚಿದಾಗ ‘ಢಬ್’ ಎಂದರೆ ಅದು ಪೈಪಿನೊಳಗೆ ಓಡುತ್ತಿದ್ದ ನೀರು ತಡೆಬಿದ್ದು ಹೊಡೆಯುವ ಹೊಡೆತ. ಅಲ್ಲಾಡುವ ಪೈಪಿಗೆ ಒಂದು ಕ್ಲ್ಯಾಂಪ್ ಹಾಕಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ನಂತೂರು ವೃತ್ತದಲ್ಲಿ ರಾಷ್ಟ್ರೀಯ ಹೆದ್ದಾರಿ 66 ಮತ್ತು ಮೂಡುಬಿದಿರೆ ಕಡೆಗೆ ಹೋಗುವ 169 ಸೇರುತ್ತವೆ. ಪಣಂಬೂರು ಬಂದರಿನ ಭಾರೀ ಲಾರಿಗಳು ಹಗಲೂ ರಾತ್ರಿಯೂ ಇಲ್ಲಿ ಓಡುತ್ತವೆ. ಲಾರಿ ಹಾದಾಗಲೆಲ್ಲ ಕಪಾಟು ಗಲಗಲ ಎಂದರೆ ಮೊದಲು ಒಂದಕ್ಕೊಂದು ತಾಗಿಕೊಂಡಿರುವ ಸ್ಟೀಲ್ ಬಟ್ಟಲು, ತಟ್ಟೆಗಳ ಕೆಳಗೆ ರಬ್ಬರ್ ಮ್ಯಾಟ್ ಹಾಸಿ ನೋಡಿ. ಆಮೇಲೂ ಸದ್ದು ಬಂದರೆ ಸಡಿಲವಾದ ಸ್ಕ್ರೂ ಹುಡುಕಿ.

ಮುಖ್ಯವಾದ ವಿಷಯ ಮೇಲಿನ ಕಪಾಟಿನದು. ಕೆಂಪುಕಲ್ಲು ಮೆದು, ತೂತು ತೂತಾದ ಕಲ್ಲು. ಡ್ರಿಲ್ ಹಾಕಿದರೆ ರಂಧ್ರ ಸುತ್ತಲೂ ಉದುರಿ ಅಗಲವಾಗುತ್ತದೆ, ಪ್ಲಾಸ್ಟಿಕ್ ಪ್ಲಗ್ ಒಳಗೆ ಕಚ್ಚಿಕೊಳ್ಳುವುದಿಲ್ಲ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯಲ್ಲಿ ಪ್ಲಗ್ಗಿನ ತುದಿ ಟೊಳ್ಳಿನಲ್ಲೇ ನೇತಾಡುತ್ತಿರಬಹುದು. ಅದರ ಮೇಲೆ ಅಕ್ಕಿ ಡಬ್ಬಿ, ಕಡಾಯಿ, ಹಬ್ಬದ ದೊಡ್ಡ ಪಾತ್ರೆಗಳೆಲ್ಲ ಕೂತರೆ ಕಪಾಟು ನಿಧಾನವಾಗಿ ಮುಂದಕ್ಕೆ ಬಾಗುತ್ತದೆ. ಗುರುತು ಸ್ಪಷ್ಟ: ಕಪಾಟಿನ ಮೇಲಂಚಿನಲ್ಲಿ ಗೋಡೆಗೂ ಹಲಗೆಗೂ ನಡುವೆ ಸಂದಿ, ಕೆಳಗೆ ಹೋದಂತೆ ಅದು ಕಿರಿದಾಗುತ್ತದೆ. ಸ್ಕ್ರೂ ಸುತ್ತಲಿನಿಂದ ಕೆಂಪು ಪುಡಿ ಉದುರುವುದೂ, ಸರಿಯಾಗಿದ್ದ ಬಾಗಿಲು ತಾನಾಗಿ ತೆರೆದುಕೊಳ್ಳುವುದೂ ಇದರ ಜೊತೆಗೇ ಬರುತ್ತವೆ. ಇಷ್ಟು ಕಂಡರೆ ಮೊದಲು ಪಾತ್ರೆ ಇಳಿಸಿ, ಆಮೇಲೆ ಆಚಾರಿಗೆ ಫೋನ್ ಮಾಡಿ. ಅದೇ ತೂತಿಗೆ ಉದ್ದದ ಸ್ಕ್ರೂ ಹಾಕಿ ಬಿಗಿಮಾಡಿದರೆ ಸಾಲದು. ಕಲ್ಲಿನ ಗಟ್ಟಿ ಭಾಗದಲ್ಲಿ ಹೊಸ ತೂತು ಕೊರೆದು ರಾಸಾಯನಿಕ ಅಂಟಿನ ಆ್ಯಂಕರ್ ಹಾಕಿಸಬೇಕು, ಇಲ್ಲವೇ ಕಪಾಟಿನ ತಳಕ್ಕೆ ಕಬ್ಬಿಣದ ಬ್ರಾಕೆಟ್ ಕೊಡಿಸಬೇಕು.

ಗೋಡೆಯ ಗಾರೆಯ ಬಿರುಕಿಗೆ ಪೆನ್ಸಿಲ್ ಸಾಕು. ಬಿರುಕಿನ ಎರಡೂ ತುದಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲೇ ತಾರೀಕು ಬರೆಯಿರಿ, ಫೋಟೊ ತೆಗೆದಿಡಿ. ಹಳೆಯ ಮೇಸ್ತ್ರಿಗಳು ಬಿರುಕಿನ ಮೇಲೆ ಗಾಜಿನ ತುಂಡು ಅಂಟಿಸಿ ಬಿಡುತ್ತಿದ್ದರು, ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಒಂದು ಮಿ.ಮೀ. ಒಳಗಿನ ಬಿರುಕು ಸಾಮಾನ್ಯವಾಗಿ ಗಾರೆ ಒಣಗಿದ್ದರಿಂದ ಬಂದದ್ದು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲಿನಂತೆ ಏರುವುದು, ಗೋಡೆಯ ಆಚೆ ಬದಿಯಲ್ಲೂ ಕಾಣುವುದು, ಐದು ಮಿ.ಮೀ. ದಾಟುವುದು ಕಪಾಟಿಗೆ ಸಂಬಂಧಿಸಿದ್ದಲ್ಲ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರನ್ನೇ ಕರೆಯಬೇಕು.

ಗ್ರಾನೈಟಿಗೂ ಟೈಲಿಗೂ ನಡುವಿನ ಸಂದಿಗೆ ವೈಟ್ ಸಿಮೆಂಟ್ ತುಂಬುವ ರೂಢಿ ನಮ್ಮಲ್ಲಿದೆ. ಅದು ಬಳುಕುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಬಿರಿಯುತ್ತದೆ, ನೀರು ಕಪಾಟಿನ ಹಿಂಭಾಗಕ್ಕೆ ಇಳಿಯುತ್ತದೆ. ಸಂದಿಯನ್ನು ಪೂರ್ತಿ ಒಣಗಿಸಿ ಸಿಲಿಕೋನ್ ತುಂಬಿಸಿ.

ಬಾಗಿಲು ಉಜ್ಜುತ್ತಿದೆಯೆಂದು ಜುಲೈಯಲ್ಲಿ ಹತ್ತರಿ ಹೊಡೆಸಬೇಡಿ. ಆಗ ಕೆತ್ತಿದ ಬಾಗಿಲು ಜನವರಿಯಲ್ಲಿ ಕುಗ್ಗಿ ಸಂದಿ ಬಿಡುತ್ತದೆ, ಕೆತ್ತಿದ್ದನ್ನು ಮತ್ತೆ ಅಂಟಿಸಲಾಗದು. ಅದರ ಬದಲು ಹಿಂಜಿನ ಸ್ಕ್ರೂ ಹೊಂದಿಸಿ. ಈಗಿನ ಕಪ್ ಹಿಂಜುಗಳಲ್ಲಿ ಬಾಗಿಲಿಗೆ ಹತ್ತಿರದ ಸ್ಕ್ರೂ ಬಾಗಿಲನ್ನು ಎಡಬಲಕ್ಕೆ, ಹಿಂದಿನದು ಒಳಹೊರಗೆ ಜರುಗಿಸುತ್ತದೆ. ಒಂದು ಸಲಕ್ಕೆ ಅರ್ಧ ಸುತ್ತು ಸಾಕು. ಕಿರುಗುಟ್ಟುವ ಹಿಂಜಿಗೆ ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಸಿಲಿಕೋನ್ ಸ್ಪ್ರೇ ಒಳ್ಳೆಯದು. ಮರದ ಡ್ರಾಯರಿನ ತಳಕ್ಕೆ ಮೇಣದಬತ್ತಿ ಉಜ್ಜಿ.

ಸದ್ದು ಟಿಕ್ ಟಿಕ್ ಎಂದು ಸಾಲಾಗಿ ಬಂದು, ಹಲಗೆಗೆ ತಟ್ಟಿದಾಗ ಟೊಳ್ಳು ಕೇಳಿಸಿದರೆ ಒರಲೆಯ ಅನುಮಾನ ಪಡಿ. ಕೆಲವು ಜಾತಿಯ ಒರಲೆಗಳು ಅಪಾಯ ಕಂಡಾಗ ತಲೆಯನ್ನು ಮರಕ್ಕೆ ಬಡಿದು ಗೂಡಿಗೆ ಸುದ್ದಿ ಮುಟ್ಟಿಸುತ್ತವೆ. ಗೋಡೆಯ ಮೇಲೆ ಮಣ್ಣಿನ ಗೆರೆ ಇದ್ದರೆ ಒರಲೆ, ಸಣ್ಣ ತೂತಿನ ಕೆಳಗೆ ಹಿಟ್ಟಿನಂಥ ನುಣ್ಣನೆ ಪುಡಿ ಇದ್ದರೆ ಕುಟ್ಟೆ ಹುಳು.

ಇದ್ಯಾವುದನ್ನೂ ಸುಮ್ಮನೆ ಸಹಿಸಬೇಕಾಗಿಲ್ಲ. ಫ್ಲ್ಯಾಟಿನ ಜೊತೆಗೆ ಬಿಲ್ಡರೇ ಒಪ್ಪಂದದ ಪ್ರಕಾರ ಕಪಾಟು ಮಾಡಿಕೊಟ್ಟಿದ್ದರೆ, 2016ರ ರೇರಾ ಕಾಯ್ದೆಯ 14ನೇ ಕಲಮಿನಂತೆ ಸ್ವಾಧೀನ ಪಡೆದ ಐದು ವರ್ಷದೊಳಗೆ ತಿಳಿಸಿದ ಕೆಲಸದ ದೋಷವನ್ನು ಅವರು ಹಣ ಕೇಳದೆ 30 ದಿನಗಳಲ್ಲಿ ಸರಿಪಡಿಸಬೇಕು. ನೀವೇ ಮಾಡಿಸಿದ್ದಾದರೆ ಗ್ರಾಹಕ ಆಯೋಗಕ್ಕೆ ದೂರು ಕೊಡಲು ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶವಿದೆ. ಎರಡಕ್ಕೂ ಬೇಕಾದದ್ದು ತಾರೀಕು ಹಾಕಿದ ಫೋಟೊಗಳು ಮತ್ತು ಪ್ಲೈವುಡ್ಡಿನ ದರ್ಜೆಯನ್ನು ಬರೆದ ಬಿಲ್ಲು. ಕೆಲಸಕ್ಕೆ ಮುಂಗಡ ಕೊಡುವ ದಿನವೇ ಆ ದರ್ಜೆಯನ್ನು ಬರೆಸಿಕೊಳ್ಳಿ.